ಅವ್ವನ ಮಣ್ಣಿಗೆ

ಪೇಮಾ ನನಗೆ ಸಿಕ್ಕಿದ್ದು ಅಮೆರಿಕದಲ್ಲಿ, ಮಗನ ಮನೆಯಿರುವ ಬೆರ್ರಿಯೆಸಾದ ಇಂಡಿಯನ್ ಗ್ರೋಸರಿಯಲ್ಲಿ. ಬ್ಯಾಡಗಿ ಎಂದು ಬರೆದು ಒಳಗೆ ಇನ್ನೇನೋ ತುಂಬಿದ್ದ ಮೆಣಸಿನಕಾಯಿ ಪೊಟ್ಟಣ ಹಿಡಿದು ನಾನು ಅಂಗಡಿಯವನಿಗೆ ಶಾಪ ಹಾಕುತ್ತಿದ್ದೆ. "ಅದು ಬ್ಯಾಡ್ರಿ ಅಕ್ಕಾರ, ಬರೇ ಖಾರ, ಬಣ್ಣ ಇಲ್ಲ" ಎಂದು ಯಾರೋ ಹಿಂದಿನಿಂದ ಅಂದರು. ತಿರುಗಿ ನೋಡಿದರೆ ಟಿಬೆಟಿನ ಹೆಂಗಸು. ಮುಖ ಟಿಬೆಟಿನದಾದರೂ ಮಾತು ಅಪ್ಪಟ ಹುಬ್ಬಳ್ಳಿಯದು. ನನಗೆ ಅಲ್ಲೇ ಕಣ್ಣೀರು ಬಂತು. ಈ ಊರಿಗೆ ಬಂದಮೇಲೆ ನನ್ನ ಜೊತೆ ಹಾಗೆ ಮಾತಾಡಿದವರೇ ಇರಲಿಲ್ಲ.

ಅವಳು ಹುಟ್ಟಿದ್ದು ಟಿಬೆಟಿನಲ್ಲಿ. ಅವಳವ್ವ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹಿಮದ ಗುಡ್ಡ ದಾಟಿ ಓಡಿಬಂದು, ಕೊನೆಗೆ ಮುಂಡಗೋಡದ ಕ್ಯಾಂಪು ಸೇರಿದಳಂತೆ. ದೀಪಾವಳಿ ಮುಗಿದದ್ದೇ ತಾಯಿ ಮಗಳು ಹುಬ್ಬಳ್ಳಿಗೆ ಬಂದು ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ಸ್ವೆಟರ್ ಹರವಿಕೊಂಡು ಕೂರುತ್ತಿದ್ದರು. ಅಯ್ಯೋ, ಆ ಸಾಲು ನನಗೆ ಗೊತ್ತಿಲ್ಲವೇ! ಚಳಿಗಾಲದ ಸಂಜೆ, ಮಿರ್ಚಿ ಕರಿಯುವ ವಾಸನೆ, ಉಣ್ಣೆಯ ವಾಸನೆ, ನನ್ನ ಯಜಮಾನರು ಗಿರಮಿಟ್ಟಿನ ಪೊಟ್ಟಣ ಹಿಡಿದು ಅವಸರ ಮಾಡುವುದು. ನನ್ನ ಮಗ ನವೀನನಿಗೆ ಶಾಲೆಗೆ ಹಾಕಿಕೊಂಡು ಹೋಗಲು ಹಸಿರು ಸ್ವೆಟರ್ ಕೊಂಡಿದ್ದು ಅಲ್ಲೇ. ಕೊಟ್ಟವಳು ಪೇಮಾಳ ಅವ್ವನೋ ಬೇರೆ ಯಾರೋ, ದೇವರೇ ಬಲ್ಲ. ಅವಳೇ ಎಂದು ನಾವಿಬ್ಬರೂ ತೀರ್ಮಾನಿಸಿಬಿಟ್ಟೆವು.

ಆಮೇಲೆ ಪ್ರತಿ ಭಾನುವಾರ ಅವಳು ನಮ್ಮಲ್ಲಿಗೆ ರೊಟ್ಟಿ ತಿನ್ನಲು ಬರತೊಡಗಿದಳು. ಅವಳಿಗೆ ಡೇಕೇರಿನಲ್ಲಿ ಕೆಲಸ. ಟಿಬೆಟಿಗೆ ವಾಪಸು ಹೋದರೆ ಜೈಲೇ ಗತಿ ಎಂದು ಈ ದೇಶ ಅವಳಿಗೆ ಆಶ್ರಯ ಕೊಟ್ಟಿತ್ತು. ಹೋದ ವರ್ಷ ಮುಂಡಗೋಡದಲ್ಲಿ ಅವ್ವ ತೀರಿಕೊಂಡಳೆಂದು ಹೋಗಿಬಂದಳು. ಅದೇ ಅವಳ ಕುತ್ತಿಗೆಗೆ ಬಂತು.

ಒಂದು ಭಾನುವಾರ ಸರ್ಕಾರದ ನೋಟಿಸು ಹಿಡಿದು ಬಂದಳು. ನವೀನ ಓದಿದ. ಯಾವ ದೇಶದಿಂದ ಓಡಿ ಬಂದೆ ಎಂದಿದ್ದಳೋ ಅಲ್ಲಿಗೇ ಹೋಗಿ ಬಂದಿದ್ದಾಳೆ, ಆದ್ದರಿಂದ ಆಶ್ರಯ ರದ್ದು. ಅವಳ ಪ್ರಯಾಣದ ಪಾಸಿನ ಮೇಲಿರುವುದು ಇಂಡಿಯಾದ ಮುದ್ರೆಯಾದರೂ ಅಲ್ಲಿಂದ ಕದ್ದು ಟಿಬೆಟಿನ ಗಡಿ ದಾಟಿರಬೇಕಂತೆ. ಏಕೆಂದರೆ, ತಾಯ್ನಾಡಿಗೆ ಹೋಗಿದ್ದೆ ಎಂದು ಏರ್‌ಪೋರ್ಟಿನಲ್ಲಿ ಅವಳೇ ಬಾಯಿಬಿಟ್ಟು ಹೇಳಿದ್ದಾಳಂತೆ.

"ಹೋಗಲೇಬೇಕಿತ್ತಾ? ಪೇಪರ್ಸ್ ಇಷ್ಟು ಸೂಕ್ಷ್ಮ ಇರುವಾಗ?" ಎಂದು ನವೀನ ಗದರಿದ. ಪೇಮಾ ತಲೆ ತಗ್ಗಿಸಿದಳು. ನನಗೆ ಮೈ ಉರಿಯಿತು. ಅವತ್ತು ಏರ್‌ಪೋರ್ಟಿನಲ್ಲಿ ಏನಂದಿ, ಇದ್ದದ್ದು ಇದ್ದ ಹಾಗೆ ಹೇಳು ಎಂದು ಅವಳನ್ನೇ ಕೇಳಿದೆ.

"ಟಿಬೆಟಿ ಮಾತಾಡೋರು ಸಿಗಲಿಲ್ರಿ ಅಕ್ಕಾರ. ಕನ್ನಡ ನಡಿತೈತಿ ಅಂದೆ. ನನ್ನ ಮಾತು ಇಂಗ್ಲಿಷಿನ್ಯಾಗ ಹೇಳಾಕ ಫೋನಿನ್ಯಾಗ ಬೆಂಗಳೂರಿನಾಕಿ ಒಬ್ಬಾಕಿ ಬಂದ್ಲು. ಎಲ್ಲಿಗೆ ಹೋಗಿದ್ರಿ ಅಂದ್ಲು. ಅವ್ವನ ಮಣ್ಣಿಗೆ ಹೋಗಿದ್ದೆ ಅಂದೆ. ಅಷ್ಟ ರೀ."

ನಾನು ಹಣೆ ಹಣೆ ಬಡಿದುಕೊಂಡೆ. ನಮ್ಮ ಕಡೆ ಸತ್ತವರ ಅಂತ್ಯಕ್ರಿಯೆಗೆ ಹೋಗುವುದಕ್ಕೆ ಮಣ್ಣಿಗೆ ಹೋಗುವುದು ಎನ್ನುತ್ತೇವೆ. ಆ ಪುಣ್ಯಾತ್ಗಿತ್ತಿ ಅದನ್ನು ತಾಯಿಯ ಮಣ್ಣು, ತಾಯ್ನಾಡು ಎಂದು ಇಂಗ್ಲಿಷಿಗೆ ತಿರುಗಿಸಿದ್ದಳು.

ಪೇಮಾಳ ವಕೀಲೆ ನನ್ನನ್ನೇ ಸಾಕ್ಷಿಯಾಗಿ ಕರೆದಳು. ವಿಚಾರಣೆಯ ದಿನ ನವೀನ ಆಫೀಸಿಗೆ ರಜೆ ಹಾಕಿ ನನ್ನನ್ನು ಬಾರ್ಟ್ ರೈಲಿನಲ್ಲಿ ಕೋರ್ಟಿಗೆ ಕರೆದುಕೊಂಡು ಹೋದ. ಕೋರ್ಟಿನ ದುಭಾಷಿ ಗೌತಮ್ ಎಂಬವನು. ಅವನೂ ಬೆಂಗಳೂರಿನವನೇ. ಮಣ್ಣು ಎಂದರೇನು ಎಂದು ಸರ್ಕಾರದ ವಕೀಲ ಮೊದಲು ಅವನನ್ನೇ ಕೇಳಿದ. ನೆಲ, ಭೂಮಿ ಎಂದ. ಅವ್ವನ ಮಣ್ಣು ಎಂದರೆ? ತಾಯಿಯ ನೆಲ ಎಂದ. ವಕೀಲ ನಕ್ಕು ಕುಳಿತ.

ಆಮೇಲೆ ನನ್ನ ಸರದಿ. ಆ ಮಾತನ್ನು ನಿಮ್ಮ ಕಡೆ ಹೇಗೆ ಬಳಸುತ್ತೀರಿ, ಒಂದು ಉದಾಹರಣೆ ಕೊಡಿ ಎಂದರು ಜಡ್ಜಮ್ಮ. ಮನೆಯಿಂದ ಎರಡು ಉದಾಹರಣೆ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಎರಡೂ ಮರೆತುಹೋದವು. ಹಿಂದೆ ಕುಳಿತಿದ್ದ ಮಗನನ್ನು ನೋಡಿದೆ. ಇಷ್ಟು ವರ್ಷ ನಮ್ಮ ಮನೆಯಲ್ಲಿ ಯಾರೂ ಎತ್ತದ ಮಾತು ಬಾಯಿಗೆ ಬಂದುಬಿಟ್ಟಿತು.

"ನಮ್ಮ ಯಜಮಾನ್ರು ತೀರಿಕೊಂಡಾಗ ಇಂವಾ ಇಲ್ಲೇ ಇದ್ದ. ವೀಸಾ ಕಾಗದ ಇನ್ನೂ ಬಂದಿರಲಿಲ್ಲ. ಹೋದ್ರ ತಿರುಗಿ ಬರಾಕ ಬಿಡೂದಿಲ್ಲ ಅಂತ ಅಂಜಿದ. ಅಪ್ಪನ ಮಣ್ಣಿಗೆ ಬರಲಿಲ್ಲ. ಈಕಿಗೂ ಅಂಜಿಕಿ ಇತ್ತು. ಆದ್ರ ಈಕಿ ಹೋದ್ಲು."

ಗೌತಮ್ ಇಂಗ್ಲಿಷಿಗೆ ತಿರುಗಿಸುತ್ತಾ ಹೋದ. ಅಪ್ಪನ ಫ್ಯೂನರಲ್‌ಗೆ ಬರಲಿಲ್ಲ ಎಂದ. ಆ ಒಂದು ಇಂಗ್ಲಿಷ್ ಶಬ್ದ ನನಗೆ ಚೆನ್ನಾಗಿ ಗೊತ್ತು. ಅಪ್ಪ ತೀರಿಕೊಂಡಾಗ ನವೀನ ಆಫೀಸಿನವರಿಗೆ ಫೋನಿನಲ್ಲಿ ಅದನ್ನೇ ಹೇಳಿದ್ದನಂತೆ.

ಜಡ್ಜಮ್ಮ ಕೈ ಎತ್ತಿ ಅವನನ್ನು ತಡೆದರು. ಈಗ ಫ್ಯೂನರಲ್ ಎಂದಿರಲ್ಲ, ಈ ತಾಯಿ ಅದಕ್ಕೆ ಯಾವ ಶಬ್ದ ಬಳಸಿದರು ಎಂದು ಕೇಳಿದರು.

ಗೌತಮ್ ನನ್ನನ್ನೂ ಪೇಮಾಳನ್ನೂ ನೋಡಿದ. "ಮಣ್ಣು," ಎಂದ ಮೆಲ್ಲಗೆ.

ಊಟದ ಬಿಡುವಿನ ನಂತರ ಜಡ್ಜಮ್ಮ ತೀರ್ಪು ಹೇಳಿದರು. ಪೇಮಾಳ ಆಶ್ರಯ ಉಳಿಯಿತು. ಅವಳು ನನ್ನ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತೆ.

ವಾಪಸು ಬರುವಾಗ ರೈಲಿನಲ್ಲಿ ಅವಳು ಕಿಟಕಿಗೆ ಒರಗಿ ನಿದ್ದೆ ಹೋದಳು. ತುಂಬಿದ ಕೋರ್ಟಿನಲ್ಲಿ ಮಗನ ಮಾನ ಕಳೆದೆನಲ್ಲ, ಇನ್ನೇನು ಬೈಯುತ್ತಾನೆ ಎಂದು ನಾನು ಗಟ್ಟಿ ಮನಸ್ಸು ಮಾಡಿ ಕುಳಿತಿದ್ದೆ. ಅವನು ನನ್ನ ಪಕ್ಕಕ್ಕೆ ಬಂದು ಕುಳಿತ. ಅಮೆರಿಕಕ್ಕೆ ಬಂದಮೇಲೆ ಬೆಂಗಳೂರಿನವರ ಹಾಗೆ ಮಾತಾಡುತ್ತಿದ್ದ ಮಗ.

"ಅಪ್ಪನ ಮಣ್ಣಿಗೆ ಯಾರ್ಯಾರು ಬಂದಿದ್ರಬೇ?" ಎಂದ.

ಬೆರ್ರಿಯೆಸಾ ಬರುವವರೆಗೆ ಒಬ್ಬೊಬ್ಬರ ಹೆಸರೂ ಹೇಳುತ್ತಾ ಬಂದೆ.