ಹತ್ತು ಉತ್ತರಗಳ ಪದ

"ಈ ಮಷೀನ್ ಈಗ ಎಲ್ಲಿ ಅದ?"

ತರಬೇತಿ ಕೋಣೆಯಲ್ಲಿ ಆರು ಕಂಪ್ಯೂಟರುಗಳ ಹೊರತು ಯಾರೂ ಇರಲಿಲ್ಲ. ಆದರೂ ಕಾರ್ಖಾನೆಯ ತರಬೇತಿ ನೋಡಿಕೊಳ್ಳುವ ಸಿದ್ದಾರೂಢ ಬಾಯಿಬಿಟ್ಟು ಕೇಳಿದ. ಪರದೆಯ ಮೇಲೆ ತೊಂಬತ್ತೇಳರಲ್ಲಿ ಸೀಡಿಯಲ್ಲಿ ಬಂದ ಸುರಕ್ಷತೆಯ ಪಾಠ ಓಡುತ್ತಿತ್ತು. ಹಸಿರು ಪ್ರೆಸ್ಸಿನ ಮುಂದೆ ಒಬ್ಬ ಚಿತ್ರದ ಮನುಷ್ಯ ಕಾಲಿನಿಂದ ಪೆಡಲ್ ಒತ್ತುತ್ತ ನಗುತ್ತಿದ್ದ. ಆ ಪ್ರೆಸ್ಸು ಗುಜರಿಗೆ ಹೋಗಿ ಮೂರು ವರ್ಷವಾಗಿತ್ತು. ಎರಡು ಸಾವಿರದ ಆರನೆಯ ಇಸವಿಯಲ್ಲೂ ಪಾಠ ಮಾತ್ರ ಅದನ್ನೇ ಕಲಿಸುತ್ತಿತ್ತು.

ಪ್ರೆಸ್ಸಿನ ಕೆಲಸಗಾರ ಅಂಬಣ್ಣನ ಬೆರಳು ಹೋಗಿ ಅಂದಿಗೆ ಹನ್ನೆರಡು ದಿನ.

ಮರಾಠಿ ಸೀಮೆಯ ಚಿಂಚವಾಡದ ಆ ಕಾರ್ಖಾನೆ ಮೋಟಾರುಗಾಡಿಗಳಿಗೆ ತಗಡಿನ ಭಾಗಗಳನ್ನು ಒತ್ತಿ ಕೊಡುವಂಥದ್ದು. ಗುತ್ತಿಗೆ ಕೆಲಸಗಾರರಲ್ಲಿ ಅರ್ಧಕ್ಕರ್ಧ ಯಾದಗಿರಿ, ಶಹಾಪುರ ಕಡೆಯವರು. ಪಾಠ ಇದ್ದದ್ದು ಇಂಗ್ಲಿಷು, ಹಿಂದಿಯಲ್ಲಿ. ಅವರಲ್ಲಿ ಹಲವರಿಗೆ ಕನ್ನಡದ ಅಕ್ಷರವೂ ಬಾರದು. ಪಾಠದ ಕೊನೆಗೆ ಹತ್ತು ಪ್ರಶ್ನೆ, ಒಂದೊಂದಕ್ಕೆ ನಾಲ್ಕು ಉತ್ತರ. ಎಂಟು ಸರಿಯಾದರೆ ಗೇಟ್‌ಪಾಸು, ಇಲ್ಲದಿದ್ದರೆ ಬಂದ ದಾರಿ ಹಿಡಿಯಬೇಕು. ಪ್ರಶ್ನೆಗಳ ಸಾಲು ಎಂದೂ ಬದಲಾಗುತ್ತಿರಲಿಲ್ಲ.

ಅಕ್ಷರ ಬಾರದವರ ನೆನಪಿನ ಶಕ್ತಿಯನ್ನು ಸಿದ್ದಾರೂಢ ಬಲ್ಲವನು. ಅವನ ಅಜ್ಜಿ ಶ್ರಾವಣದಲ್ಲಿ ಮಠದ ಕಂಬಕ್ಕೆ ಒರಗಿ ಕೇಳಿ ಕೇಳಿಯೇ ಪುರಾಣದ ನೂರಾರು ಪದ್ಯಗಳನ್ನು ಎದೆಯಲ್ಲಿ ಇಟ್ಟುಕೊಂಡಿದ್ದಳು. ಅದಕ್ಕೇ ಅವನು ಕೆಲಸಕ್ಕೆ ಸೇರಿದ ವರ್ಷವೇ ಹತ್ತು ಉತ್ತರಗಳ ಅಂಕಿಗಳನ್ನು ಭಜನೆಯ ಧಾಟಿಗೆ ಕೂಡಿಸಿ ಒಂದು ಪದ ಕಟ್ಟಿಕೊಟ್ಟ. 'ಎರಡು ಒಂದು ಮೂರು ನಾಕು, ಗುರುವೆ ಕಾಯೋ ಕೈಗಳ' ಎಂದು ಅದರ ಮೊದಲ ಸಾಲು. ಹಳಬರು ಹೊಸಬರಿಗೆ ನೀರಿನ ನಳದ ಸರದಿಯಲ್ಲಿ, ಲೋಕಲ್ ಗಾಡಿಯಲ್ಲಿ ಅದನ್ನು ಹೇಳಿಕೊಡುತ್ತಿದ್ದರು. ಪರದೆಯನ್ನು ಓದುವ ಗೊಡವೆಯೇ ಇಲ್ಲ. ಗುನುಗುತ್ತ ಗುಂಡಿ ಒತ್ತಿದರೆ ನೂರಕ್ಕೆ ನೂರು. ನಾಲ್ಕು ಮಂದಿಯ ಹೊಟ್ಟೆಗೆ ದಾರಿ ಮಾಡಿದೆನೆಂದು ಒಂಬತ್ತು ವರ್ಷ ಅವನು ನೆಮ್ಮದಿಯಿಂದ ದೇವರಿಗೆ ಊದಿನಕಡ್ಡಿ ಹಚ್ಚಿದ್ದ.

ಅಂಬಣ್ಣನೂ ನೂರಕ್ಕೆ ನೂರು ಪಡೆದವನೇ. ತಗಡು ಸಿಕ್ಕಿಕೊಂಡಿತೆಂದು ಹೊಸ ಪ್ರೆಸ್ಸಿನೊಳಗೆ ಕೈ ಹಾಕಿದ. ಹಳೆಯದು ಪೆಡಲಿನಿಂದ ಕಾಲು ತೆಗೆದರೆ ನಿಲ್ಲುತ್ತಿತ್ತು. ಹೊಸದಕ್ಕೆ ಪೆಡಲೇ ಇಲ್ಲ. ಸಿಕ್ಕಿದ ತಗಡು ಸಡಿಲವಾದ ಕೂಡಲೇ ಪ್ರೆಸ್ಸು ತಾನಾಗಿ ಇಳಿಯುತ್ತದೆ. ಕೈ ಹಾಕುವ ಮೊದಲು ಕರೆಂಟು ತೆಗೆಯಬೇಕು. ಬಲಗೈಯ ನಾಲ್ಕು ಬೆರಳು ಹೋದವು. ವಿಚಾರಣೆಗೆ ಬಂದವರು ಕಡತ ತಿರುವಿ, ತರಬೇತಿ ಪೂರ್ಣವಾಗಿದೆ, ಅಂಕ ನೂರು, ತಪ್ಪು ಕೆಲಸಗಾರನದು ಎಂದು ಬರೆದು ಹೋದರು. ಆ ಕಾಗದದ ಜೆರಾಕ್ಸ್ ತೆಗೆದವನು ಸಿದ್ದಾರೂಢನೇ.

ಪಾಠವನ್ನು ಹೊಸದಾಗಿ ಮಾಡಿಸಲು ಅವನು ಅರ್ಜಿ ಬರೆದ. ಮೇಲಧಿಕಾರಿ ಪ್ರಲ್ಹಾದ ಕುಲಕರ್ಣಿ ಒಪ್ಪಿದ್ದು ಬೇರೆ ಕಾರಣಕ್ಕೆ: ಮಾಲು ಕೊಳ್ಳುವ ಕಂಪನಿಯವರು ತಪಾಸಣೆಗೆ ಬರುವವರಿದ್ದರು, ಅವರಿಗೆ ಹೊಸ ಇ-ಲರ್ನಿಂಗ್ ತೋರಿಸಬೇಕಿತ್ತು. ಎರಡು ತಿಂಗಳು ಸಿದ್ದಾರೂಢ ಶಾಪಿನಲ್ಲೇ, ಮಷೀನುಗಳ ನಡುವೆ ಓಡಾಡಿದ. ಈಗಿನ ಪ್ರೆಸ್ಸುಗಳ ಫೋಟೋ ತೆಗೆದ, ಕನ್ನಡದಲ್ಲಿ ತನ್ನದೇ ದನಿ ಕೊಟ್ಟ, ಅಕ್ಷರ ಇದ್ದಲ್ಲೆಲ್ಲ ಚಿತ್ರ ಹಾಕಿಸಿದ. ಪ್ರಶ್ನೆಗಳ ಸಾಲು ಪ್ರತಿ ಸಲವೂ ಬದಲಾಗುವಂತೆ ಮಾಡಿಸಿದ.

ಪ್ರೆಸ್ಸಿನ ಹಳಬರೂ ಮತ್ತೆ ಪಾಸಾಗಬೇಕಿತ್ತು. ಮೊದಲ ಪರೀಕ್ಷೆಗೆ ಕೂತವರು ಮೂವತ್ತನಾಲ್ಕು ಜನ. ಪಾಸಾದವರು ಮೂವರು. ಉಳಿದವರು ಪದದ ಮೊದಲ ಸಾಲಿನಲ್ಲೇ ಎಡವಿ, ದಾರಿ ತಪ್ಪಿದವರ ಹಾಗೆ ಅವನ ಮುಖ ನೋಡಿದರು.

ಪ್ರಲ್ಹಾದ ಅವನನ್ನು ಕರೆಸಿದ. "ಅಹೋ ಸಿದ್ದಾರೂಢ, ಪಾಠ ಛಂದ ಅದ. ಆದ್ರ ನಮಗ ಪಾಸಾಗೋ ಪಾಠ ಬೇಕು. ಆ ಪ್ರಶ್ನೆ ತಿರುಗಾಮುರುಗಾ ಬಂದ್ ಮಾಡಿ ಇನ್ನೊಂದು ಭಜನಿ ಕಟ್ಟಿಬಿಡ್ರಿ. ನಿಮ್ಮ ಭಜನಿ ಮಂಡಳಿ ನನಗ ಗೊತ್ತಿಲ್ಲಂತ ತಿಳದೀರೇನು?"

ಸಿದ್ದಾರೂಢ ಕೈಮುಗಿದು ಒಂದು ವಾರದ ಗಡುವು ಕೇಳಿಕೊಂಡ. ಕೊಟ್ಟೆ, ಆದರೆ ಸೋಮವಾರ ಪಾಸಾಗದವನಿಗೆ ಗೇಟಿಲ್ಲ ಎಂದ ಪ್ರಲ್ಹಾದ. ಆ ವಾರವೆಲ್ಲ ಪಾಳಿಗೆ ಮೊದಲು ಒಬ್ಬೊಬ್ಬನನ್ನೇ ಪ್ರೆಸ್ಸಿನ ಮುಂದೆ ನಿಲ್ಲಿಸಿ ಸಿದ್ದಾರೂಢ ಕೈಹಿಡಿದು ಕಲಿಸಿದ. ಇಪ್ಪತ್ತೈದು ಜನ ದಾಟಿಕೊಂಡರು. ಆರು ಜನ ಉಳಿದರು.

ಅವರಲ್ಲೊಬ್ಬ ಭೀಮು, ಅಂಬಣ್ಣನ ಹೆಂಡತಿ ಮಾನಮ್ಮನ ಅಣ್ಣ. ಇಬ್ಬರು ಮಕ್ಕಳ ತಂದೆ. ಈಗ ಅಂಬಣ್ಣನ ಮನೆಯೂ ಅವನ ದುಡಿಮೆಯ ಮೇಲೇ ನಿಂತಿತ್ತು. ತಗಡು ಸಿಕ್ಕಿಕೊಂಡ ಚಿತ್ರ ಬಂದಾಗಲೆಲ್ಲ ಅವನು ಕೈಯಿಂದ ಎಳೆಯುವ ಚಿತ್ರವನ್ನೇ ಒತ್ತುತ್ತಿದ್ದ. ಯಾಕೆಂದು ಸಿದ್ದಾರೂಢ ಕೇಳಿದ.

"ಕರೆಂಟ್ ತಗದ್ರ ಸೂಪರ್ವೈಜರ್ ಬೈತಾನ್ರಿ," ಎಂದು ಭೀಮು ನಕ್ಕ. "ನಾ ಭಾಳ ಚುರುಕ ಅದೀನಿ. ಅದು ಇಳಿಯೂದ್ರಾಗ ನನ್ನ ಕೈ ಹೊರಗಿರ್ತದ."

ಶನಿವಾರ ಊಟದ ಬಿಡುವಿನಲ್ಲಿ ಅಂಬಣ್ಣ ಬಂದ. ಬಲಗೈಯನ್ನು ಟವೆಲ್ಲಿನೊಳಗೆ ಇಟ್ಟುಕೊಂಡಿದ್ದ. ಭೀಮು ಬಾಗಿಲ ಹೊರಗೇ ನಿಂತ. ಕೂಡು ಎಂದರೂ ಅಂಬಣ್ಣ ಕೂಡಲಿಲ್ಲ. ಮಾನಮ್ಮ ನಾಲ್ಕು ಮನೆಯ ಮುಸುರೆ ತಿಕ್ಕಲು ಹೊರಟಿದ್ದಾಳೆ, ಭೀಮುವಿನ ಕೆಲಸವೂ ಹೋದರೆ ಎರಡು ಮನೆಯ ಒಲೆಗಳು ಒಟ್ಟಿಗೇ ಆರುತ್ತವೆ ಎಂದ. ಪ್ರಶ್ನೆ ತಿರುಗಿಸುವುದು ನಿಲ್ಲಿಸುವುದು ನಿಮ್ಮ ಕೈಯಲ್ಲೇ ಇದೆಯಂತೆ ಎಂದ.

"ಅವನೊಬ್ಬನಿಗೆ ಒಂದು ಪದ ಕಟ್ಟಿಕೊಡ್ರಿ ಸರ್. ಎರಡು ದಿನದಾಗ ಬಾಯಿಪಾಠ ಮಾಡಿಸೂದು ನಂದು."

"ಅಂಬಣ್ಣ, ನಿನ್ನ ಆ ಮಷೀನಿನ ಮುಂದ ನಿಲ್ಲಿಸಿದಾಂವ ನಾನು. ಆ ಪದಾನ ನಿನ್ನ ಕೈ ತಗೊಂಡದ್ದು."

"ಗೊತ್ತದರಿ." ಅಂಬಣ್ಣ ಎಡಗೈಯಿಂದ ಟವೆಲ್ಲು ಸರಿಮಾಡಿಕೊಂಡ. "ಅದಕ್ಕ ನಿಮ್ಮ ಹತ್ರ ಬಂದೀನಿ. ಬ್ಯಾರೆ ಯಾರ ಮ್ಯಾಲ ನನಗ ಹಕ್ಕ ಅದ?"

ಈ ಮನುಷ್ಯ ಜೀವನದಲ್ಲಿ ತನ್ನಿಂದ ಬೇರೇನು ಕೇಳಿದ್ದರೂ ಸಿದ್ದಾರೂಢ ಕೊಟ್ಟುಬಿಡುತ್ತಿದ್ದ. ಬಾಗಿಲಾಚೆ ಭೀಮು ಟೊಪ್ಪಿಗೆಯನ್ನು ಬೆರಳಿನ ಮೇಲೆ ತಿರುಗಿಸುತ್ತ, ಒಳಗಿನ ಮಾತು ಮುಗಿಯುವುದನ್ನೇ ಕಾಯುತ್ತಿದ್ದ.

"ಇಲ್ಲ, ಅಂಬಣ್ಣ," ಎಂದ ಸಿದ್ದಾರೂಢ. "ಕಟ್ಟಂಗಿಲ್ಲ. ಅವಗೂ ಇಲ್ಲ, ಯಾರಿಗೂ ಇಲ್ಲ. ಗೇಟಿನ ಹೊರಗ ಕರಕೊಂಡು ಹೋಗು ಅವನ್ನ."