ಮೂರನೇ ಪದರ, ಏಳನೇ ಪದರ

ಪದವಿಯ ಕೊನೇ ವರ್ಷದಲ್ಲಿ ಪ್ರತಿಯೊಬ್ಬರೂ ಒಂದು ಸಂಶೋಧನಾ ಪ್ರಾಜೆಕ್ಟ್ ಮಾಡಲೇಬೇಕು ಎಂಬುದು ಪುರಾತತ್ವ ವಿಭಾಗದ ನಿಯಮ. ಏನನ್ನಾದರೂ ಕಂಡುಹಿಡಿಯಲೇಬೇಕು ಎಂದು ನಿಯಮದಲ್ಲಿ ಎಲ್ಲೂ ಇರಲಿಲ್ಲ. ಆ ವರ್ಷ ಅಲ್ಲಿ ಓದುತ್ತಿದ್ದ ದರ್ಜಿಯ ಮಗಳಿಗೆ ಇದನ್ನು ಯಾರೂ ಹೇಳಿರಲಿಲ್ಲ, ಪಾಪ.

ಅವಳ ಪಾಲಿಗೆ ಬಂದದ್ದು ಉಗ್ರಾಣದಲ್ಲಿದ್ದ ಹದಿನಾಲ್ಕು ಚೀಲ ಮಡಕೆ ಚೂರು. ಮೂವತ್ತು ವರ್ಷದ ಹಿಂದೆ ಪ್ರೊಫೆಸರ್ ಒಂದು ದಿಬ್ಬ ಅಗೆಸಿ ತೆಗೆದವು. ಯಾವುದು ಮಣ್ಣಿನ ಎಷ್ಟನೇ ಪದರದಲ್ಲಿ ಸಿಕ್ಕಿತೆಂದು ಪ್ರತಿ ಚೂರಿನ ಬೆನ್ನಿಗೂ ಇರುವೆಯಷ್ಟು ಸಣ್ಣ ಸಂಖ್ಯೆ ಬರೆದಿತ್ತು. ಕೆಳಗಿನ ಏಳನೇ ಪದರದವರು ನಾಶವಾದರು, ದಿಬ್ಬ ನಾನೂರು ವರ್ಷ ಹಾಳುಬಿತ್ತು, ಆಮೇಲೆ ಬೇರೆಯೇ ಜನ ಬಂದು ಮೇಲಿನ ಮೂರನೇ ಪದರದಲ್ಲಿ ನೆಲೆಸಿದರು ಎಂಬುದು ಪ್ರೊಫೆಸರರ ಪುಸ್ತಕದ ಸಾರ. ಅವರ ಕುರ್ಚಿ, ಪದಕ, ಹೆಸರು ಎಲ್ಲವೂ ಆ ನಾನೂರು ವರ್ಷದ ಮೇಲೆಯೇ ನಿಂತಿದ್ದವು.

"ಎಣಿಸಿ, ಅಳೆದು, ಪಟ್ಟಿ ಮಾಡಮ್ಮ. ಜಾಸ್ತಿ ತಲೆ ಕೆಡಿಸ್ಕೋಬೇಡ," ಎಂದಿದ್ದರು ಅವರು.

ಆದರೆ ಹುಟ್ಟಿದಾಗಿನಿಂದ ಬಟ್ಟೆ ಚೂರುಗಳ ನಡುವೆಯೇ ಬೆಳೆದವಳು ಎರಡು ಅಂಚು ಕಂಡರೆ ಸುಮ್ಮನೆ ಕೂರುತ್ತಾಳೆಯೇ? ಮೂರನೇ ವಾರ ಒಂದು ಚೂರನ್ನು ಇನ್ನೊಂದಕ್ಕೆ ತಾಗಿಸಿದಳು. ಸರಿಯಾಗಿ ಕಚ್ಚಿಕೊಂಡಿತು. ತಿರುಗಿಸಿ ನೋಡಿದರೆ ಒಂದರ ಬೆನ್ನಿಗೆ ಮೂರು, ಇನ್ನೊಂದರ ಬೆನ್ನಿಗೆ ಏಳು. ಪುಸ್ತಕದ ಪ್ರಕಾರ ಈ ಮಡಕೆ ಅರ್ಧ ಒಡೆದು, ನಾನೂರು ವರ್ಷ ಯೋಚನೆ ಮಾಡಿ, ಉಳಿದರ್ಧ ಒಡೆದಿತ್ತು! ತಿಂಗಳು ಕಳೆಯುವಷ್ಟರಲ್ಲಿ ಎರಡೂ ಪದರಗಳ ಹನ್ನೊಂದು ಚೂರು ಸೇರಿ ಇಡೀ ಮಡಕೆಯೇ ಎದ್ದು ನಿಂತಿತು. ಪದರಗಳು ಯಾವ ಕಾಲದಲ್ಲೋ ಕಲಸಿಹೋಗಿದ್ದವು. ಆ ನಾನೂರು ವರ್ಷ ಇರಲೇ ಇಲ್ಲ.

ಮುಂದೆ ಓದಲು ಸೀಟು ಸಿಗಬೇಕಾದರೆ ಅದೇ ಪ್ರೊಫೆಸರರ ಶಿಫಾರಸು ಪತ್ರ ಬೇಕಿತ್ತು.

"ಅವರ ಹತ್ರಾನೇ ಪತ್ರ ಇಸ್ಕೋಬೇಕು, ಅವರ ಬುಡಕ್ಕೇ ಕೊಡಲಿ ಹಾಕ್ತೀಯಾ?" ಎಂದಳು ಅಮ್ಮ, ಹೊಲಿಗೆ ಯಂತ್ರ ನಿಲ್ಲಿಸದೆ. "ಸುಮ್ನೆ ಎಣಿಸಿ ಕೊಟ್ಟು ಬಾರೆ."

"ಕೂಡುತ್ತೆ ಅಂತ ಕಣ್ಣಾರೆ ಕಂಡಮೇಲೆ ಕೂಡಲ್ಲ ಅಂತ ಹೇಗಮ್ಮಾ ಬರೀಲಿ?"

ಯಾರಿಗೂ ತೋಳು ಸೊಟ್ಟಗೆ ಹೊಲಿದು ಕೊಟ್ಟು ಅಭ್ಯಾಸವಿಲ್ಲದ ಅಮ್ಮ ಈಗ ಯಂತ್ರ ನಿಲ್ಲಿಸಿದಳು.

ಮರುದಿನ ಮಡಕೆಯನ್ನು ಪ್ರೊಫೆಸರರ ಮೇಜಿನ ಮೇಲಿಟ್ಟಳು. ಅವರು ಕನ್ನಡಕ ಏರಿಸಿ ಒಂದೊಂದೇ ಕೂಡಿಕೆಯ ಮೇಲೆ ಬೆರಳಾಡಿಸಿದರು. ಕೂಗಾಡಲಿಲ್ಲ.

"ಅಚ್ಚುಕಟ್ಟಾಗಿದೆ," ಎಂದರು. "ಒಂದಕ್ಷರಾನೂ ಬಿಡದೆ ಬರಿ."

ಬರೆದಳು. ನೂರಕ್ಕೆ ತೊಂಬತ್ತಾರು ಬಂತು. ಪತ್ರದಲ್ಲಿ 'ಅಪರೂಪದ ಪ್ರಾಮಾಣಿಕತೆ' ಎಂದು ಬರೆದಿದ್ದರು; ಕಚೇರಿಯ ಮೊಹರು ಬೀಳುವುದೊಂದೇ ಬಾಕಿ. ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು. ಇಂಥ ದೊಡ್ಡ ಮನುಷ್ಯರ ಬಗ್ಗೆ ಏನೇನೋ ಅಂದುಕೊಂಡೆನಲ್ಲ ಎಂದು ನಾಚಿಕೆಯೂ ಆಯಿತು.

ಯಾರೂ ತೆರೆದು ನೋಡದ ವರದಿಗಳ ಕಪಾಟು ಉಗ್ರಾಣದ ಬಾಗಿಲ ಪಕ್ಕದಲ್ಲಿತ್ತು. ತನ್ನದಕ್ಕೆ ಜಾಗ ಮಾಡಲು ಹಳೆಯದೊಂದನ್ನು ಎಳೆದಳು. ಆರು ವರ್ಷದ ಹಿಂದಿನದು. ತೆರೆದರೆ ಒಳಗೆ ಅವಳದೇ ಮಡಕೆಯ ಫೋಟೋ! ಅದೇ ಹನ್ನೊಂದು ಚೂರು, ಅದೇ ಮೂರು, ಅದೇ ಏಳು. ಕೊನೆಯ ಪುಟದಲ್ಲಿ ಪ್ರೊಫೆಸರರ ಕೈಬರಹದಲ್ಲಿ ತೊಂಬತ್ತಾರು. ಪಕ್ಕದ್ದನ್ನು ತೆಗೆದಳು. ಅದರಲ್ಲೂ ಅದೇ ಮಡಕೆ. ಆ ಹುಡುಗನಿಗೆ ಒಂದು ಚೂರು ಸಿಕ್ಕಿರಲಿಲ್ಲವಾದ್ದರಿಂದ ತೊಂಬತ್ತನಾಲ್ಕು.

ಉಗ್ರಾಣದೊಳಗೆ ನೀರಿನ ಸದ್ದಾಯಿತು. ಇಣುಕಿದಳು. ಪ್ರೊಫೆಸರ್ ಅಂಗಿಯ ತೋಳು ಮಡಚಿ, ಬೋಗುಣಿಯ ಬಿಸಿನೀರಿನಲ್ಲಿ ಮಡಕೆಯನ್ನು ನೆನೆಹಾಕಿದ್ದರು. ವಿಭಾಗದಲ್ಲಿ ಬಳಸುವ ಅಂಟು ಬಿಸಿನೀರಿಗೆ ಬಿಡುತ್ತದೆ. ಅವಳನ್ನು ಕಂಡೂ ಅವರ ಮುಖ ಪೆಚ್ಚಾಗಲಿಲ್ಲ.

"ಮುಂದಿನ ವರ್ಷದ ಮಕ್ಕಳಿಗೂ ಕಂಡುಹಿಡಿಯೋಕೆ ಏನಾದ್ರೂ ಇರ್ಬೇಕಲ್ಲಮ್ಮಾ," ಎಂದರು, ನಿಜವಾದ ಅಕ್ಕರೆಯಿಂದಲೇ.

ಅವಳಿಗೆ ಮೈಯೆಲ್ಲ ಉರಿಯಿತು. ಬೋಗುಣಿಯನ್ನು ಒದೆಯಬೇಕೆನಿಸಿತು. ಅಷ್ಟರಲ್ಲಿ ಅವರು ಮೇಜಿನತ್ತ ಕಣ್ಣು ತೋರಿಸಿದರು. ಅಲ್ಲಿ ಅವಳ ಪತ್ರ, ಪತ್ರದ ಪಕ್ಕದಲ್ಲಿ ಮೊಹರು, ಮೊಹರಿನ ಪಕ್ಕದಲ್ಲಿ ಒಂದು ಒಣ ಬಟ್ಟೆ.

"ಆ ಬಟ್ಟೆ ಸ್ವಲ್ಪ ಹಿಡ್ಕೊಳ್ಳಮ್ಮ. ಚೂರು ಕೆಳಗೆ ಬಿದ್ರೆ ಒಡೆದುಹೋಗುತ್ತೆ."

ಅವಳು ಬಟ್ಟೆಯನ್ನು ಎರಡೂ ಕೈಯಲ್ಲಿ ಹರಡಿ ಹಿಡಿದಳು.