ಕೊಡೋ ಮನೆಯ ಸೊಸೈಟಿ ಅಕ್ಕಿ

ಹಳೇಬೀಡಿನ ಗಂಗಾಧರಪ್ಪನವರು ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ ಊಟಕ್ಕೆ ಕೂತರೆಂದರೆ ಮನೆಯವರು ಒಂದು ಭಾಷಣ ಕೇಳಲು ಸಿದ್ಧರಾಗಬೇಕು. ಭಾಷಣದ ವಿಷಯ ಅನ್ನ. ಮೊದಲ ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದು, ಅವರು ಹೆಂಡತಿಯ ಕಡೆ ತಿರುಗುತ್ತಿದ್ದರು.

"ಅನ್ನ ಅಂದ್ರೆ ಇದು ಕಣೇ ದ್ರಾಕ್ಷಾಯಣಿ. ಆ ಸೊಸೈಟಿ ಅಕ್ಕಿ ತಿನ್ನೋರಿಗೆ ಇದರ ರುಚಿ ಏನ್ ಗೊತ್ತಾಯ್ತದೆ?"

"ಹೂಂ ಕಣ್ರೀ," ಎಂದು ದ್ರಾಕ್ಷಾಯಣಮ್ಮ ಸಾರು ಬಡಿಸುತ್ತಿದ್ದರು.

ಆ ಅಕ್ಕಿ ಸೊಸೈಟಿಯದೇ. ಸೊಸೈಟಿ ಎಂದರೆ ನಮ್ಮ ಕಡೆ ನ್ಯಾಯಬೆಲೆ ಅಂಗಡಿ. ತಿಂಗಳಿಗೊಮ್ಮೆ ಅದು ಹಳೆಯ ದುಪ್ಪಟಿಯಲ್ಲಿ ಗಂಟಾಗಿ, ಒಗೆದು ತಂದ ಬಟ್ಟೆಯ ವೇಷದಲ್ಲಿ, ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತಿತ್ತು. ಅಡುಗೆಮನೆಯ ಮೂಲೆಯಲ್ಲಿ ನವಿಲಿನ ಚಿತ್ರವಿದ್ದ ಸಣ್ಣಕ್ಕಿಯ ಚೀಲವೊಂದಿತ್ತು. ಯಾವ ಕಾಲದಲ್ಲೋ ಕೊಂಡ ಅದರ ಅಸಲು ಅಕ್ಕಿ ಮುಗಿದು ವರ್ಷಗಳಾಗಿದ್ದವು. ಸೊಸೈಟಿ ಅಕ್ಕಿ ಆ ಚೀಲಕ್ಕೆ ಬಿದ್ದ ಕೂಡಲೇ ಅದರ ಜಾತಿಯೇ ಬದಲಾಗುತ್ತಿತ್ತು.

ಓದುಗರು ದ್ರಾಕ್ಷಾಯಣಮ್ಮನನ್ನು ಸುಳ್ಳುಗಾತಿ ಎಂದುಕೊಳ್ಳಬಾರದು. ನಿಜ ಹೇಳಿದರೆ ಗಂಡ ಊಟ ಬಿಡುತ್ತಾರೆ, ಸುಳ್ಳು ಹೇಳಿದರೆ ಹೊಗಳಿ ಉಣ್ಣುತ್ತಾರೆ. ಇಂಥ ಗಂಡನನ್ನು ಕಟ್ಟಿಕೊಂಡವರು ಇನ್ನೇನು ಮಾಡಿಯಾರು? ಗಂಗಾಧರಪ್ಪನವರ ತಂದೆ ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದರು. ಮಂಡಿ ಮುಳುಗಿ ಎಷ್ಟೋ ಕಾಲವಾಗಿತ್ತು, ಮಂಡಿಯ ಗತ್ತು ಮಾತ್ರ ಮಗನ ಮೈಮೇಲೆ ಹಾಗೇ ಉಳಿದಿತ್ತು. ಈಗ ಅವರ ಮಗ ಇಂದ್ರೇಶ್ ಯಾರದೋ ಗೂಡ್ಸ್ ಆಟೋ ಬಾಡಿಗೆಗೆ ಹಿಡಿದು ಊರವರ ತೆಂಗಿನಕಾಯಿಯನ್ನು ಅರಸೀಕೆರೆಗೆ ಸಾಗಿಸುತ್ತಿದ್ದ. ಗಂಗಾಧರಪ್ಪನವರು ಇದನ್ನು "ನಮ್ಮ ಟ್ರಾನ್ಸ್‌ಪೋರ್ಟು" ಎಂದು ಕರೆಯುತ್ತಿದ್ದರು. ಬಡವರ ಕಾರ್ಡು ಮಾಡಿಸಿದ್ದು ಇಂದ್ರೇಶನೇ. ಅದು ಆಸ್ಪತ್ರೆಗೆ ಬೇಕಾದ ಕಾರ್ಡು ಎಂದು ಅಪ್ಪನಿಗೆ ಹೇಳಿದ್ದ. ಆಗೆಲ್ಲ ಮನೆಯವರಲ್ಲಿ ಯಾರಾದರೊಬ್ಬರು ಹೋಗಿ ಹೆಬ್ಬೆಟ್ಟು ಒತ್ತಿದರೆ ಅಕ್ಕಿ ಸಿಗುತ್ತಿದ್ದುದರಿಂದ ಗುಟ್ಟು ಗುಟ್ಟಾಗಿಯೇ ಉಳಿದಿತ್ತು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆ ಮನೆಗೆ ಒಂದು ಪದ್ಧತಿಯಿತ್ತು. ಕಾರ್ತಿಕದ ಕೊನೆಯ ಸೋಮವಾರ ಮಠದ ದಾಸೋಹಕ್ಕೆ ಅರ್ಧ ಕ್ವಿಂಟಾಲ್ ಅಕ್ಕಿ ಹೋಗಲೇಬೇಕು. ಮಂಡಿಯಿದ್ದಾಗ ಶುರುವಾದದ್ದು ಮಂಡಿ ಹೋದ ಮೇಲೂ ನಿಲ್ಲಲಿಲ್ಲ. ಅಂದು ಮಠದಲ್ಲಿ ಮೈಕಿನಲ್ಲಿ "ಹಳೇಬೀಡಿನ ಗಂಗಾಧರಪ್ಪನವರ ಮನೆತನದಿಂದ" ಎಂದು ಕೂಗುತ್ತಿದ್ದರು. ಗಂಗಾಧರಪ್ಪನವರು ಕಂಬಕ್ಕೊರಗಿ, ಕೇಳಿಸಲೇ ಇಲ್ಲವೆಂಬಂತೆ ಆಕಾಶ ನೋಡುತ್ತಿದ್ದರು. ಇಂಥ ಪದ್ಧತಿ ಊರಿನ ಇನ್ನೂ ನಾಲ್ಕಾರು ಮನೆಗಳಲ್ಲಿತ್ತು. ಉಳ್ಳವರು ಕೊಟ್ಟರೆ ಅದು ದಾನ, ಒಪ್ಪೋಣ. ಇಲ್ಲದವರು ಹೆಸರಿಗಾಗಿ ಮಕ್ಕಳ ಅನ್ನ ಕೊಟ್ಟರೆ ಏನೆನ್ನಬೇಕು? ನನಗೆ ಸಿಟ್ಟು ಬರುವುದು ಇಲ್ಲಿಯೇ. ಮಠದವರು ಯಾರ ಮನೆಗೂ ಬಂದು ಕೇಳಿದವರಲ್ಲ.

ಶ್ರಾವಣದಿಂದಲೇ ದ್ರಾಕ್ಷಾಯಣಮ್ಮ ಅಕ್ಕಿ ಉಳಿಸತೊಡಗುತ್ತಿದ್ದರು. ಉಳಿಸುವುದೆಂದರೆ ತಾವು ಉಣ್ಣದಿರುವುದು. ಗಂಡ ಕೇಳಿದರೆ ವ್ರತ ಎನ್ನುತ್ತಿದ್ದರು. ಸೋಮವಾರ ಶಿವನಿಗೆ, ಮಂಗಳವಾರ ಚೌಡೇಶ್ವರಿಗೆ, ಗುರುವಾರ ಗುರುಗಳಿಗೆ, ಶುಕ್ರವಾರ ಲಕ್ಷ್ಮಿಗೆ, ಶನಿವಾರ ಶನಿಮಹಾತ್ಮನಿಗೆ. ಬುಧವಾರಕ್ಕೆ ಯಾರೂ ಸಿಗದೆ ತವರುಮನೆಯ ದೇವರನ್ನು ಕರೆಸಿಕೊಂಡಿದ್ದರು. "ನನ್ನ ಹೆಂಡತಿ ಭಾರೀ ದೈವಭಕ್ತೆ ಕಣಯ್ಯಾ," ಎಂದು ಗಂಗಾಧರಪ್ಪನವರು ಎದುರುಮನೆಯ ಬೋರಯ್ಯನ ಮುಂದೆ ಹೇಳಿಕೊಳ್ಳುತ್ತಿದ್ದರು.

ಎರಡು ವರ್ಷದ ಹಿಂದೆ ಆ ಮನೆಗೆ ಸಿಂಧು ಬಂದಳು. ಗಂಗಾಧರಪ್ಪನವರ ಮಗಳ ಮಗಳು. ತಾಯಿ ತೀರಿಕೊಂಡಳು, ಅರೇಹಳ್ಳಿಯಲ್ಲಿದ್ದ ತಂದೆ ಇನ್ನೊಂದು ಮದುವೆಯಾದ. ಹುಡುಗಿಗೆ ಒಂಬತ್ತು ವರ್ಷ, ಹಸಿವು ಹದಿನೆಂಟರದು. ಕಾರ್ಡಿನಲ್ಲಿ ಹೆಸರು ಮೂರು, ಎಲೆ ಮುಂದೆ ಬಾಯಿ ನಾಲ್ಕು. ಆಸ್ಪತ್ರೆ ಕಾರ್ಡಿಗೆ ಮಗುವನ್ನೂ ಸೇರಿಸೋಣವೆಂದು ಇಂದ್ರೇಶ್ ಒಮ್ಮೆ ಬಾಯಿಬಿಟ್ಟಿದ್ದಕ್ಕೆ ಅಪ್ಪ, "ಕೊಡೋ ಮನೆ ಮಗೂಗೆ ಕಾರ್ಡ್ ಯಾಕ್ಲಾ? ಜನ ಏನಂದಾರು?" ಎಂದು ಗದರಿದ್ದರು.

ಈ ವರ್ಷದ ಕಾರ್ತಿಕದಲ್ಲಿ ಒಂದು ಸೋಮವಾರ ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಿದ್ದ ಸಿಂಧು ಹಾಗೇ ಕುಸಿದು ಕೂತಳು. ಟೀಚರ್ ಅರುಣಾ ಅವಳನ್ನು ನೆರಳಿಗೆ ಕರೆದೊಯ್ದು ನೀರು ಕುಡಿಸಿದರು.

"ಬೆಳಿಗ್ಗೆ ಏನ್ ತಿಂದೆ ಪುಟ್ಟಿ?"

"ಇವತ್ತು ಸೋಮವಾರ ಮಿಸ್. ನಾನೂ ಅಜ್ಜೀನೂ ತಿನ್ನಲ್ಲ."

"ನಾಳೆ?"

"ನಾಳೆ ಅಜ್ಜಿಗೆ ಮಾತ್ರ ಉಪವಾಸ ಐತೆ. ನಂಗೆ ಇನ್ನು ಗುರುವಾರಾನೇ."

ಅಜ್ಜಿ ಎಷ್ಟು ಬೇಡವೆಂದರೂ ಹುಡುಗಿ ಕೇಳಿರಲಿಲ್ಲ. ಅಜ್ಜಿ ಉಣ್ಣದ ದಿನ ಅಕ್ಕಿ ಉಳಿಯುತ್ತದೆ ಎಂಬುದನ್ನು ಅವಳು ತಾನಾಗಿಯೇ ಕಂಡುಕೊಂಡಿದ್ದಳು. ಅರುಣಾ ಅಂದೇ ಸಂಜೆ ಮನೆಗೆ ಬಂದು, ಹಿತ್ತಿಲಲ್ಲಿ ದ್ರಾಕ್ಷಾಯಣಮ್ಮನಿಂದ ಎಲ್ಲವನ್ನೂ ಕೇಳಿಸಿಕೊಂಡರು. ಮಾರನೆಯ ದಿನ ಅರೇಹಳ್ಳಿ ಬಸ್ಸು ಹತ್ತಿ ಹೋಗಿ, ಹುಡುಗಿಯ ಅಪ್ಪನ ಬೆನ್ನುಬಿದ್ದು, ಅಲ್ಲಿಯ ಕಾರ್ಡಿನಿಂದ ಅವಳ ಹೆಸರು ತೆಗೆಸಲು ಸಹಿ ಹಾಕಿಸಿಕೊಂಡು ಬಂದರು. ಅಷ್ಟು ದಿನ ಆ ಹೆಸರಿನ ಅಕ್ಕಿಯನ್ನು ಆತನೇ ಉಣ್ಣುತ್ತಿದ್ದ. ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿಯೂ ಹೋಯಿತು. ಉಳಿದದ್ದು ಒಂದೇ ಗಂಟು. ಸೊಸೈಟಿಯ ಮೋಹನ್‌ಕುಮಾರ್ ಅದನ್ನು ಬಿಚ್ಚಿ ಹೇಳಿದ.

"ಮುಂಚಿನ ಹಂಗಲ್ಲ ಮೇಡಂ. ಈಗ ಕಾರ್ಡಲ್ಲಿ ಇರೋರೆಲ್ಲ ಈ ತಿಂಗಳೊಳಗೆ ಹೆಬ್ಬೆಟ್ಟು ಕೊಡ್ಬೇಕು. ಯಜಮಾನ್ರು ಕೊಡದಿದ್ರೆ ಮಗೂ ಹೆಸರು ಸೇರಲ್ಲ, ಅವರ ಹೆಸರೂ ಹೋಯ್ತದೆ."

ಗಂಗಾಧರಪ್ಪನವರು ಸೊಸೈಟಿಯಿದ್ದ ಬೀದಿಯಲ್ಲಿ ಕಾಲೇ ಇಟ್ಟವರಲ್ಲ. ಹೇರ್ ಕಟಿಂಗಿಗೂ ಬಸ್ತಿಹಳ್ಳಿ ಕಡೆಯಿಂದ ಸುತ್ತಿಕೊಂಡು ಹೋಗುತ್ತಿದ್ದರು. ವಯಸ್ಸಾದವರೆಂಬ ಕಾರಣಕ್ಕೆ ಮೋಹನ್‌ಕುಮಾರ್ ಮಿಷನ್ನನ್ನು ಮನೆಗೇ ತರಲು ಒಪ್ಪಿದ. ಬಿ.ಪಿ. ನೋಡುವವರು ಬಂದಿದ್ದಾರೆ ಎಂದು ಹೇಳುವ ಉಪಾಯ ಇಂದ್ರೇಶನದು. ಸುಳ್ಳು ಬೇಡವೆಂದು ಅರುಣಾ ಹೇಳಿದರು. ಆ ಮನೆಯಲ್ಲಿ ಸುಳ್ಳಿನ ಅನುಭವ ಎಲ್ಲರಿಗೂ ಚೆನ್ನಾಗಿದ್ದುದರಿಂದ ಅವರ ಮಾತು ನಡೆಯಲಿಲ್ಲ.

ಗಂಗಾಧರಪ್ಪನವರು ಜಗಲಿಯ ಮೇಲೆ ಕೂತು, ತಾಂಬೂಲ ಹಾಕಿಕೊಂಡು, ಗಂಭೀರವಾಗಿ ಹೆಬ್ಬೆರಳು ಚಾಚಿದರು. ಮೋಹನ್‌ಕುಮಾರ್ ಗುಂಡಿ ಒತ್ತಿದ. ಮಿಷನ್ನು ಬೀದಿಗೆಲ್ಲ ಕೇಳುವಂತೆ ಹೆಣ್ಣುದನಿಯಲ್ಲಿ ಮಾತಾಡಿತು.

"ನಮಸ್ಕಾರ. ನ್ಯಾಯಬೆಲೆ ಅಂಗಡಿಗೆ ಸ್ವಾಗತ. ದಯವಿಟ್ಟು ಬೆರಳು ಇಡಿ."

ಗಂಗಾಧರಪ್ಪನವರು ಮಿಷನ್ನನ್ನೂ ಮಗನನ್ನೂ ನೋಡಿದರು. "ಬಿ.ಪಿ. ನೋಡೋ ಮಿಷನ್ನು ನ್ಯಾಯಬೆಲೆ ಅಂಗಡಿಗೆ ಯಾಕ್ಲಾ ಕರೀತದೆ?"

"ಅದು ಸರ್ಕಾರಿ ಬಿ.ಪಿ. ಅಪ್ಪಾಜಿ," ಎಂದ ಇಂದ್ರೇಶ್.

ಬೆರಳು ಇಟ್ಟದ್ದಾಯಿತು. "ಬೆರಳಚ್ಚು ಹೊಂದಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿ," ಎಂದಿತು ಮಿಷನ್ನು. ಒರೆಸಿ ಇಟ್ಟರು, ಒತ್ತಿ ಇಟ್ಟರು, ಊದಿ ಇಟ್ಟರು. ಅದು ಪಟ್ಟು ಬಿಡಲಿಲ್ಲ. "ಹಂಗಾದ್ರೆ ನಂಗೆ ಬಿ.ಪಿ. ಇಲ್ಲ ಅಂತ ಅರ್ಥ," ಎಂದು ಗಂಗಾಧರಪ್ಪನವರು ಸಮಾಧಾನದಿಂದ ಏಳುವುದರಲ್ಲಿದ್ದರು. ಅಷ್ಟರಲ್ಲಿ ಎದುರು ಜಗಲಿಯಿಂದ ಇದನ್ನೆಲ್ಲ ನೋಡುತ್ತಿದ್ದ ಬೋರಯ್ಯ ಸಹಾಯಕ್ಕೆ ಬಂದ.

"ಎಲೆಗೆ ಸುಣ್ಣ ಹಚ್ಚಿ ಹಚ್ಚಿ ಗೆರೆ ಸವೆದೋಗವೆ ಯಜಮಾನ್ರೇ. ನಂದೂ ಹಂಗೇ ಆಗಿತ್ತು. ಎಡಗೈ ಹೆಬ್ಬೆಟ್ಟು ಕೊಡಿ, ತಕ್ಷಣ ಅಕ್ಕಿ ಕೊಡ್ತದೆ."

"ಅಕ್ಕೀನಾ?"

ಬೋರಯ್ಯ ಉಪಕಾರದ ಸಂತೋಷದಲ್ಲಿದ್ದ. "ಸೊಸೈಟಿ ಅಕ್ಕಿ. ಮತ್ತೆ ಮಿಷನ್ನು ಯಾತಕ್ಕಿರೋದು?"

ಗಂಗಾಧರಪ್ಪನವರು ಕೈಯನ್ನು ಬೆಂಕಿಯಿಂದ ತೆಗೆದಂತೆ ತೆಗೆದುಕೊಂಡರು. ಮೋಹನ್‌ಕುಮಾರ್ ಮಿಷನ್ನು ಚೀಲಕ್ಕೆ ತುರುಕಿ ಜಾಗ ಖಾಲಿ ಮಾಡಿದ. ಅರುಣಾ ಮಾತ್ರ ಉಳಿದರು.

"ಯಜಮಾನ್ರೇ, ಸುಳ್ಳು ಹೇಳಿದ್ದು ತಪ್ಪು. ಆದರೆ ಸಿಂಧು ಶಾಲೆಯಲ್ಲಿ ಹಸಿದು ಬಿದ್ದಿದ್ದು ಸುಳ್ಳಲ್ಲ."

"ನಮ್ಮನೆ ಕೊಡೋ ಮನೆ ಮೇಡಂ. ನಮ್ಮಪ್ಪನ ಮಂಡಿ ಮುಂದೆ ಜನ ಸಾಲು ನಿಲ್ತಿದ್ರು. ಅವರ ಮಗ ಹೋಗಿ ಭಿಕ್ಷೆ ಅಕ್ಕಿಗೆ ಸಾಲು ನಿಲ್ಬೇಕಾ?"

"ಭಿಕ್ಷೆ ಅಲ್ಲ. ಇಲ್ಲದ ಮನೆಯವರು ಹಸೀಬಾರದು ಅಂತ ಕಾನೂನು ಮಾಡಿ ಕೊಡೋ ಅಕ್ಕಿ. ಮಠದಲ್ಲಿ ನೀವು ಪಂಕ್ತಿಗೆ ಕೂರಲ್ವಾ? ಅದೂ ಸಾಲೇ ತಾನೇ?"

"ಅದು ಪ್ರಸಾದ."

"ಬೆಂದದ್ದು ಅಕ್ಕೀನೇ."

"ಮೇಡಂ, ನೀವು ಮಕ್ಕಳಿಗೆ ಮಗ್ಗಿ ಹೇಳ್ಕೊಡಿ," ಎಂದು ಗಂಗಾಧರಪ್ಪನವರು ಎದ್ದರು. ಒಳಗೆ ಹೋಗುತ್ತ ಮಗನಿಗೆ ಕೂಗಿದರು, "ಸೋಮವಾರ ಬೆಳಿಗ್ಗೆ ಮಠದ ಅಕ್ಕಿ ಆಟೋಗೆ ಹೇರು."

ಸೋಮವಾರ ಬಂತು. ನಡುಮನೆಯಲ್ಲಿ ಬಾಯಿ ಹೊಲಿದ ಎರಡು ಚೀಲಗಳು ನಿಂತಿದ್ದವು. ಗಂಗಾಧರಪ್ಪನವರು ಗರಿಗರಿ ಜುಬ್ಬಾ ತೊಟ್ಟು, ಹೆಗಲಿಗೆ ಶಲ್ಯ ಹಾಕಿ ಬಂದರು. ಬಂದು ನೋಡಿದರೆ ಒಂದು ಚೀಲದ ಮೇಲೆ ದ್ರಾಕ್ಷಾಯಣಮ್ಮ ಕೂತಿದ್ದಾರೆ, ಇನ್ನೊಂದರ ಮೇಲೆ ಸಿಂಧು.

"ಏಳೇ, ಹೊತ್ತಾಯ್ತು."

"ನಾನು ಏಳಲ್ಲ."

ಮದುವೆಯಾದಂದಿನಿಂದ ಗಂಗಾಧರಪ್ಪನವರು ಕೇಳಿರದ ಮಾತು ಅದು. ಹೆಂಡತಿಗೆ ಮೈ ಸರಿಯಿಲ್ಲವೇನೋ ಎಂದು ಹತ್ತಿರ ಬಂದು ನೋಡಿದರು.

"ಯಾಕೆ, ಉಪವಾಸ ಮಾಡಿ ತಲೆ ಸುತ್ತುತ್ತಾ?"

"ನಂಗೆ ಯಾವ ಉಪವಾಸಾನೂ ಇಲ್ಲ ಕಣ್ರೀ. ಅಕ್ಕಿ ಉಳೀಲಿ ಅಂತ ದೇವರ ಹೆಸರು ಹೇಳ್ಕೊಂಡು ಉಣ್ಣದೆ ಇದ್ದೆ. ಈ ಚೀಲದಲ್ಲಿರೋದು ಸೊಸೈಟಿ ಅಕ್ಕಿ. ಹೋದ ವರ್ಷ ಮಠಕ್ಕೆ ಹೋಗಿದ್ದೂ ಅದೇ, ಅದರ ಹಿಂದಿನ ವರ್ಷದ್ದೂ ಅದೇ. ನೀವು ದಿನಾ ಹೊಗಳಿ ಉಣ್ಣೋದೂ ಅದೇ."

ಇಂದ್ರೇಶ್ ಬಾಗಿಲಲ್ಲೇ ನಿಂತ. ಗಂಗಾಧರಪ್ಪನವರು ಅಡುಗೆಮನೆಗೆ ಹೋದರು, ನವಿಲಿನ ಚೀಲಕ್ಕೆ ಕೈಹಾಕಿ ಒಂದು ಹಿಡಿ ಅಕ್ಕಿ ತಂದರು, ಮಠದ ಚೀಲದ ಹೊಲಿಗೆಯ ಸಂದಿನಿಂದ ನಾಲ್ಕು ಕಾಳು ಕಿತ್ತರು, ಎರಡನ್ನೂ ಅಂಗೈಯಲ್ಲಿಟ್ಟು ಬಾಗಿಲ ಬೆಳಕಿಗೆ ಹಿಡಿದರು. ಕೊಬ್ಬರಿಯ ಒಡಕು ನೋಡಿ ತೋಟದ ಹೆಸರು ಹೇಳುತ್ತಿದ್ದ ವರ್ತಕರ ಮಗ. ಎರಡೂ ಒಂದೇ ಎಂಬುದು ಗೊತ್ತಾಗಲು ಅವರಿಗೆ ಬಹಳ ಹೊತ್ತು ಹಿಡಿಯಲಿಲ್ಲ.

"ಇಷ್ಟು ವರ್ಷ ನಂಗೆ ಹೇಳ್ಲಿಲ್ವಲ್ಲೇ," ಎಂದರು. ದನಿ ಸಣ್ಣಗಾಗಿತ್ತು.

"ಹೇಳಿದ್ರೆ ನೀವು ಉಣ್ತಿರ್ಲಿಲ್ಲ. ನಾನು ಉಣ್ಣದಿದ್ರೆ ಪರವಾಗಿಲ್ಲ, ನನ್ನ ಗಂಡ ಉಣ್ಲಿ ಅಂದ್ಕೊಂಡೆ. ಮಗೂ ಉಣ್ಣದಿದ್ರೂ ಪರವಾಗಿಲ್ಲ ಅನ್ನೋಕೆ ನನ್ನ ಕೈಲಾಗಲ್ಲ. ಆಟೋಗೆ ಹೇರೋದಾದ್ರೆ ಚೀಲದ ಜೊತೆ ನನ್ನೂ ಹೇರಿ."

ಗಂಗಾಧರಪ್ಪನವರು ಮೊಮ್ಮಗಳ ಕಡೆ ತಿರುಗಿದರು. ಅವಳಾದರೂ ಎದ್ದಾಳೆಂಬ ಆಸೆ. ಸಿಂಧು ಚೀಲದ ಎರಡು ಕಿವಿಗಳನ್ನೂ ಭದ್ರವಾಗಿ ಹಿಡಿದುಕೊಂಡಳು.

"ತಾತಾ, ನಂಗೆ ಸೋಮವಾರ ಬೇಡ. ಹೊಟ್ಟೆ ನೋಯ್ತದೆ."

ಎಷ್ಟೊಂದು ವಾದಗಳಿಗೆ ಜಗ್ಗದ ಮನುಷ್ಯ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಗರಿಗರಿ ಜುಬ್ಬಾ ಮುದುಡುವುದನ್ನೂ ಲೆಕ್ಕಿಸಲಿಲ್ಲ. ಕೂತಲ್ಲಿಂದಲೇ ಇಂದ್ರೇಶನನ್ನು ಕರೆದು, ಹೊಲಿಗೆ ಬಿಚ್ಚುವಂತೆ ಹೇಳಿದರು. ಒಲೆ ಹೊತ್ತಿತು. ಆ ಕಾರ್ತಿಕ ಸೋಮವಾರ ಆ ಮನೆಯಲ್ಲಿ ನಾಲ್ವರೂ ಬೆಳಿಗ್ಗೆಯೇ ಅನ್ನ ಉಂಡರು, ಭಾಷಣವಿಲ್ಲದೆ. ಮಠದಲ್ಲಿ ಅಂದು ಒಂದು ಹೆಸರು ಕಡಿಮೆ ಕೂಗಿದರು. ದಾಸೋಹ ಎಂದಿನಂತೆಯೇ ನಡೆಯಿತು.

ಮರುದಿನ ಗಂಗಾಧರಪ್ಪನವರು ಸಿಂಧುವಿನ ಕೈಹಿಡಿದು, ಬಸ್ತಿಹಳ್ಳಿಯನ್ನು ಸುತ್ತದೆ, ನೇರವಾಗಿ ಸೊಸೈಟಿಯ ಬೀದಿಗೆ ಬಂದರು. ಸಾಲಿನಲ್ಲಿ ಅವರು ಕಂಡ ಮುಖಗಳನ್ನು ಓದುಗರು ಊಹಿಸಬಹುದು. ಕಾರ್ತಿಕದ ಮೈಕಿನಲ್ಲಿ ಅವರ ಹೆಸರಿನ ಹಿಂದೆಮುಂದೆ ಹೆಸರು ಕೂಗಿಸಿಕೊಳ್ಳುತ್ತಿದ್ದ ಇಬ್ಬರು ಅಲ್ಲಿದ್ದರು. ಒಬ್ಬರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಇನ್ನೊಬ್ಬರು ಗೋಡೆಯ ಮೇಲಿನ ಜಾಹೀರಾತನ್ನು ಬಹಳ ಆಸಕ್ತಿಯಿಂದ ಓದತೊಡಗಿದರು. ಮುಂದೆ ನಿಂತಿದ್ದ ಬೋರಯ್ಯ ಗಾಬರಿಯಿಂದ ಸರಿದು ಜಾಗ ಬಿಟ್ಟ.

"ಮುಂದೆ ಬನ್ನಿ ಯಜಮಾನ್ರೇ, ನೀವ್ಯಾಕೆ ಸಾಲಲ್ಲಿ ನಿಲ್ತೀರಿ?"

"ಇರಲಿ ಬೋರಯ್ಯ. ಹಿಂದೆ ಬಂದೋನು ಹಿಂದೇನೇ ನಿಲ್ತೀನಿ."

ಅವರ ಸರದಿ ಬಂತು. ಬಲಗೈ ಹೆಬ್ಬೆಟ್ಟನ್ನು ಮಿಷನ್ನು ಮತ್ತೆ ಒಪ್ಪಲಿಲ್ಲ. ಎಡಗೈಯಿಂದ ಯಾರಿಗೂ ಕೊಟ್ಟವರಲ್ಲ, ತೆಗೆದುಕೊಂಡವರೂ ಅಲ್ಲ. ಒಂದು ಕ್ಷಣ ತಡೆದು ಎಡಗೈ ಇಟ್ಟರು. ಮಿಷನ್ನು ಧನ್ಯವಾದ ಹೇಳಿತು. ಮೋಹನ್‌ಕುಮಾರ್ ಸಿಂಧುವಿನ ಬೆರಳನ್ನು ಮಿಷನ್ನಿನ ಮೇಲಿಡುತ್ತ, ಮಾತಿಗೆಂಬಂತೆ ಕೇಳಿದ.

"ಬಂದು ಎರಡು ವರ್ಷ ಆಯ್ತಲ್ಲ ಯಜಮಾನ್ರೇ, ಇಷ್ಟು ದಿನ ಯಾಕೆ ಸೇರಿಸ್ಲಿಲ್ಲ?"

ಸಾಲು ಕಿವಿಗೊಟ್ಟಿತು. ಪುರುಸೊತ್ತಾಗಲಿಲ್ಲ ಎನ್ನಬಹುದಿತ್ತು, ಸರ್ಕಾರವನ್ನು ಬೈಯಬಹುದಿತ್ತು. ಗಂಗಾಧರಪ್ಪನವರು ತಿರುಗಿ, ಟವೆಲ್ಲಿನವರನ್ನೂ ಗೋಡೆಯವರನ್ನೂ ಒಮ್ಮೆ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು.

"ಈ ಮಗೂ ಪಾಲಿನ ಅನ್ನ ದಾನ ಮಾಡಿ ನಾನು ಹೆಸರು ತಗೊಳ್ತಿದ್ದೆ ಕಣಪ್ಪ. ಸೇರಿಸ್ಕೋ."

ಮೋಹನ್‌ಕುಮಾರ್ ತಲೆ ತಗ್ಗಿಸಿ ಗುಂಡಿ ಒತ್ತಿದ. ಗೋಡೆ ಓದುತ್ತಿದ್ದವರು ಓದುವುದನ್ನು ನಿಲ್ಲಿಸಿದರು.